ಮೊದಲು ಠಾಣೆಯೋ, ಮೊದಲು ಆಸ್ಪತ್ರೆಯೋ?

ಹೊತ್ತು ಮುಳುಗಿದ ಮೇಲೆ ಒಬ್ಬ ಹೆಣ್ಣುಮಗಳಿಗೆ ಆಗಬಾರದ್ದು ಆಗಿಹೋಯಿತು ಅಂತಿಟ್ಟುಕೊಳ್ಳಿ. ಅವಳು ಮೊದಲು ಎಲ್ಲಿಗೆ ಹೋಗಬೇಕು? ಬಸ್ ಸ್ಟಾಂಡಿನಲ್ಲಿ ನಿಂತವರನ್ನು ಕೇಳಿ ನೋಡಿ. ಬಹಳ ಜನ "ಪೊಲೀಸ್ ಸ್ಟೇಷನ್ನಿಗೆ, ಇನ್ನೆಲ್ಲಿಗೆ?" ಅನ್ನುತ್ತಾರೆ. ಕೆಲವರು ದನಿ ತಗ್ಗಿಸಿ "ಎಲ್ಲಿಗೂ ಹೋಗದೇ ಇರೋದು ವಾಸಿ ಸಾರ್" ಅನ್ನುತ್ತಾರೆ. ಆಸ್ಪತ್ರೆಗೆ ಅನ್ನುವವರು ಅಪರೂಪ.

ಕಾನೂನು ಮಾತ್ರ ಬೇರೆಯೇ ಹೇಳುತ್ತದೆ. ಠಾಣೆಗಾದರೂ ಹೋಗಬಹುದು, ನೇರವಾಗಿ ಆಸ್ಪತ್ರೆಗಾದರೂ ಹೋಗಬಹುದು. ಆಸ್ಪತ್ರೆಯವರು "ಪೊಲೀಸ್ ಲೆಟರ್ ಎಲ್ಲಮ್ಮ?" ಅಂತ ಕೇಳುವ ಹಾಗೇ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮು ಸ್ಪಷ್ಟವಾಗಿದೆ. ಸರ್ಕಾರಿಯಾಗಲಿ, ಖಾಸಗಿಯಾಗಲಿ, ಯಾವ ಆಸ್ಪತ್ರೆಯಾದರೂ ಅತ್ಯಾಚಾರಕ್ಕೆ ಒಳಗಾದವರಿಗೆ ಕೂಡಲೇ ಚಿಕಿತ್ಸೆ ಕೊಡಬೇಕು, ಕಾಸು ಕೇಳಬಾರದು, ಪೊಲೀಸರಿಗೆ ತಿಳಿಸುವ ಕೆಲಸವನ್ನೂ ಆಸ್ಪತ್ರೆಯೇ ಮಾಡಬೇಕು. ಚಿಕಿತ್ಸೆ ಕೊಡದೆ ಬಾಗಿಲಿನಿಂದ ಕಳಿಸಿದರೆ ಆಸ್ಪತ್ರೆ ನಡೆಸುವವರಿಗೆ ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಮೂರು ಅಂತಸ್ತಿನ ನರ್ಸಿಂಗ್ ಹೋಮಿಗೂ ಇದು ಅನ್ವಯ. "ಇದು ಪೊಲೀಸ್ ಕೇಸು, ನಾವು ಮುಟ್ಟಲ್ಲ" ಎಂಬ ಹಳೇ ಪಲ್ಲವಿ ಇನ್ನು ನಡೆಯುವುದಿಲ್ಲ.

ನಡೆಯುವುದಿಲ್ಲ ಅಂತ ಪುಸ್ತಕದಲ್ಲಿದೆ. ಊರಿನಲ್ಲಿ ಏನಾಗುತ್ತದೆ ಎಂಬುದು ಬೇರೆ ಮಾತು.

72 ಗಂಟೆಯ ಲೆಕ್ಕ

ಇಲ್ಲಿ ಒಂದು ಗಡಿಯಾರ ಓಡುತ್ತಿರುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಬೇಡದ ಗರ್ಭ ನಿಲ್ಲದಂತೆ ಕೊಡುವ ಮಾತ್ರೆ 72 ಗಂಟೆಯೊಳಗೆ ಕೊಡಬೇಕಾದ್ದು. ಆಮೇಲೂ ಐದು ದಿನದವರೆಗೆ ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ, ಆದರೆ ತಡವಾದಷ್ಟೂ ಬಲ ಕಡಿಮೆ. ಎಚ್.ಐ.ವಿ. ತಗುಲದಂತೆ ಕೊಡುವ ಔಷಧಿಯೂ 72 ಗಂಟೆಯೊಳಗೇ ಶುರುವಾಗಬೇಕು, 28 ದಿನ ಬಿಡದೆ ನುಂಗಬೇಕು. ಅದಕ್ಕಂತೂ ಎರಡನೇ ಅವಕಾಶ ಇಲ್ಲ. ಮೈಮೇಲಿನ ಸಾಕ್ಷ್ಯ, ಅಂದರೆ ಹತ್ತಿಯ ಕಡ್ಡಿಯಲ್ಲಿ ತೆಗೆಯುವ ಸ್ಯಾಂಪಲ್ಲು, ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿ ಪ್ರಕಾರ 96 ಗಂಟೆಯೊಳಗೆ ತೆಗೆಯಬೇಕು. ಸ್ನಾನ ಮಾಡಿದರೆ, ಬಟ್ಟೆ ಒಗೆದರೆ ಅದರಲ್ಲೂ ಬಹುಪಾಲು ನೀರಿಗೆ ಹೋಯಿತು.

ಈಗ ಈ ಲೆಕ್ಕವನ್ನು ನಮ್ಮ ತುಮಕೂರು ಜಿಲ್ಲೆಯ ನಕ್ಷೆಯ ಮೇಲಿಟ್ಟು ನೋಡಿ. ಪಾವಗಡದಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು ನೂರು ಕಿಲೋಮೀಟರು. ಮಧುಗಿರಿ, ಕೊರಟಗೆರೆ ದಾಟಿ ಬರಬೇಕು. ಪಾವಗಡ ತಾಲ್ಲೂಕಿನ ಒಳಹಳ್ಳಿ, ಶನಿವಾರ ರಾತ್ರಿ ಅಂತಿಟ್ಟುಕೊಳ್ಳಿ. ಭಾನುವಾರ ಪೂರ್ತಿ ಮನೆಯೊಳಗೆ ಅಳು, ದೊಡ್ಡವರ ಮಾತುಕತೆ, "ಹೇಳೋದಾ, ಬಿಡೋದಾ" ಎಂಬ ತೂಗಾಟ. ಸೋಮವಾರ ಬೆಳಿಗ್ಗೆ ಬಸ್ಸು ಹಿಡಿದು ಠಾಣೆಗೆ. "ಸಾಹೇಬ್ರು ರೌಂಡ್ಸ್ ಹೋಗವ್ರೆ, ಕೂತ್ಕೋಮ್ಮ." ಮಧ್ಯಾಹ್ನ ಹೇಳಿಕೆ. ಸಂಜೆ ತಾಲ್ಲೂಕು ಆಸ್ಪತ್ರೆ. "ಲೇಡಿ ಡಾಕ್ಟ್ರು ಲೀವಲ್ಲವ್ರೆ. ತುಮಕೂರಿಗೆ ಬರೆದುಕೊಡ್ತೀವಿ." ರಾತ್ರಿ ಎಲ್ಲಿ ಉಳಿಯುವುದು? ಮಂಗಳವಾರ ಬೆಳಿಗ್ಗೆ ಮತ್ತೆ ಬಸ್ಸು, ಜಿಲ್ಲಾಸ್ಪತ್ರೆಯಲ್ಲಿ ಚೀಟಿ, ಕ್ಯೂ. ಡಾಕ್ಟರ ಮುಂದೆ ಕೂರುವಾಗ ಅರವತ್ತು ಗಂಟೆ ದಾಟಿರುತ್ತದೆ. ಇನ್ನೊಂದು ಸಣ್ಣ ಅಡಚಣೆಯಾದರೂ ಸಾಕು, ಔಷಧಿಯ ಹೊತ್ತೇ ಮುಗಿಯಿತು. ಇದು ಯಾರೋ ಒಬ್ಬರ ಕತೆಯಲ್ಲ, ಬಸ್ಸಿನ ದಾರಿಯನ್ನೂ ಕಚೇರಿಯ ವೇಳೆಯನ್ನೂ ಕೂಡಿಸಿ ನೋಡಿದ ಲೆಕ್ಕ.

ಈ ಲೆಕ್ಕದಲ್ಲಿ ಅರ್ಧಕ್ಕರ್ಧ ಹೊತ್ತು ಉಳಿಸಬಹುದಾದ್ದು. "ಲೇಡಿ ಡಾಕ್ಟರ್ ಇಲ್ಲ" ಎಂಬುದು ದೊಡ್ಡವರ ವಿಷಯದಲ್ಲಿ ವಾಪಸು ಕಳಿಸಲು ಕಾರಣವೇ ಅಲ್ಲ. ಕಾನೂನು ಕೇಳುವುದು ನೋಂದಾಯಿತ ವೈದ್ಯರನ್ನು. ಆಕೆ ಒಪ್ಪಿದರೆ ಪುರುಷ ವೈದ್ಯರೂ ಪರೀಕ್ಷೆ ಮಾಡಬಹುದು, ಜೊತೆಯಲ್ಲಿ ನರ್ಸಮ್ಮನವರೋ ಬೇರೆ ಹೆಂಗಸೋ ಇರಬೇಕು ಅಷ್ಟೆ. ಹೆಣ್ಣುಮಗುವಾದರೆ ಮಾತ್ರ ಪೋಕ್ಸೊ ಕಾಯಿದೆ ಪ್ರಕಾರ ವೈದ್ಯೆಯೇ ನೋಡಬೇಕು. ಮಾತ್ರೆ ಕೊಡಲಿಕ್ಕಂತೂ ಯಾರೂ ತುಮಕೂರಿಗೆ ಬರಬೇಕಾಗಿಲ್ಲ. ಗರ್ಭ ತಡೆಯುವ ಮಾತ್ರೆ ಮೆಡಿಕಲ್ ಸ್ಟೋರಿನಲ್ಲೇ ಸಿಕ್ಕುವಂಥದ್ದು. ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯ ಕೋಣೆಯಲ್ಲಿ, ಬೀಗ ಹಾಕಿ ಕೀಲಿಯನ್ನು ಮನೆಗೆ ಒಯ್ಯದ ಬೀರುವಿನಲ್ಲಿ, ಆ ಮಾತ್ರೆಯೂ ಎಚ್.ಐ.ವಿ. ಔಷಧಿಯೂ ಇದ್ದರೆ ಒಂದು ಜೀವ ಉಳಿಯುವಷ್ಟು ಕೆಲಸ ಅಲ್ಲೇ ಆಯಿತು.

ಸಾಕ್ಷ್ಯ ತೆಗೆಯುವ ಕಿಟ್ಟು ಅಂದರೆ ವಿಮಾನದಲ್ಲಿ ಬರುವ ಯಂತ್ರವಲ್ಲ. ಹತ್ತಿಯ ಕಡ್ಡಿ, ಗಾಜಿನ ಸ್ಲೈಡು, ಬಾಚಣಿಗೆ, ಉಗುರು ಕತ್ತರಿ, ಲಕೋಟೆ, ಅರಗು. ಇನ್ನೊಂದು ಮುಖ್ಯ ವಸ್ತು ಕಾಗದದ ಚೀಲ. ನಮ್ಮ ದಿನಸಿ ಅಂಗಡಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ, ಸಾಕ್ಷ್ಯವೆಲ್ಲ ಹಾಳು. ನೆರಳಿನಲ್ಲಿ ಆರಿಸಿ ಕಾಗದದ ಚೀಲದಲ್ಲಿ ಹಾಕಿ ಮೊಹರು ಮಾಡಬೇಕು. ಕೋಟಿಗಟ್ಟಲೆ ಬಜೆಟ್ಟಿನ ಮಧ್ಯೆ ಹತ್ತು ರೂಪಾಯಿಯ ಕಾಗದದ ಚೀಲ ಇಲ್ಲದೆ ಕೇಸು ಬಿದ್ದುಹೋದರೆ ಯಾರನ್ನು ಬೈಯೋಣ?

ನಾಚಿಕೆಗೇಡಿನ ಪರೀಕ್ಷೆ

ಡಾಕ್ಟರ ಕೋಣೆಯೊಳಗೆ ಆಗುತ್ತಿದ್ದ ಒಂದು ಅವಮಾನದ ಮಾತನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಆಕೆ "ಮೊದಲೇ ರೂಢಿಯಾದವಳೋ ಅಲ್ಲವೋ" ಎಂದು ಪತ್ತೆ ಮಾಡುವ ನೆಪದಲ್ಲಿ ಎರಡು ಬೆರಳಿನ ಪರೀಕ್ಷೆ ಎಂಬುದೊಂದು ದೇಶದ ಉದ್ದಗಲಕ್ಕೂ ನಡೆಯುತ್ತಿತ್ತು. ವೈದ್ಯಶಾಸ್ತ್ರದ ಆಧಾರ ಏನೂ ಇಲ್ಲ. ಆಕೆಯ ಹಿಂದಿನ ಬದುಕು ಏನೇ ಇರಲಿ, ಆವತ್ತು ನಡೆದ ಅಪರಾಧಕ್ಕೂ ಅದಕ್ಕೂ ಏನು ಸಂಬಂಧ? ಸುಪ್ರೀಂ ಕೋರ್ಟು 2013ರಲ್ಲಿ ಇದು ಹೆಣ್ಣಿನ ಘನತೆಗೆ ಕುಂದು ಎಂದಿತು. 2014ರ ಮಾರ್ಗಸೂಚಿ ಬೇಡವೆಂದಿತು. ಆದರೂ ನಿಲ್ಲಲಿಲ್ಲ. 2022ರ ಅಕ್ಟೋಬರ್ 31ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಹಿಮಾ ಕೊಹ್ಲಿ ಅವರಿದ್ದ ಪೀಠ, ಇನ್ನು ಮುಂದೆ ಈ ಪರೀಕ್ಷೆ ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಎಂದು ಕಡ್ಡಿ ಮುರಿದಂತೆ ಹೇಳಿತು. ಪಠ್ಯದಿಂದಲೂ ತೆಗೆಯಿರಿ ಎಂದಿತು.

ಮೈಮೇಲೆ ಗಾಯ ಇಲ್ಲ ಅಂದರೆ ಏನೂ ಆಗಿಲ್ಲ ಎಂಬ ವಾದವೂ ಇಂಥದ್ದೇ. ಹೆದರಿ ಮರಗಟ್ಟಿದವಳ ಮೈಮೇಲೆ, ಕತ್ತಿಗೆ ಚಾಕು ಹಿಡಿಸಿಕೊಂಡವಳ ಮೈಮೇಲೆ ಗಾಯ ಎಲ್ಲಿಂದ ಬರಬೇಕು? ಅತ್ಯಾಚಾರ ಆಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವುದು ಡಾಕ್ಟರ ಕೆಲಸ ಅಲ್ಲವೇ ಅಲ್ಲ. ಕಂಡದ್ದನ್ನು ಬರೆಯುವುದು, ಚಿಕಿತ್ಸೆ ಕೊಡುವುದು ಅವರ ಕೆಲಸ. ಪರೀಕ್ಷೆಗೆ ಆಕೆಯ ಒಪ್ಪಿಗೆ ಬೇಕೇ ಬೇಕು. ಬೇಡ ಅಂದರೆ ಬೇಡ. ಪರೀಕ್ಷೆ ಬೇಡ ಅಂದವಳಿಗೂ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಈ ಮಾತು ಬಹಳ ಆಸ್ಪತ್ರೆಗಳಿಗೆ ಇನ್ನೂ ಇಳಿದಿಲ್ಲ.

ಒಂದು ಕಗ್ಗಂಟು ಇದೆ, ಮುಚ್ಚಿಡುವುದು ಬೇಡ. "ನನಗೆ ಔಷಧಿ ಕೊಡಿ, ಪೊಲೀಸು ಗಿಲೀಸು ಬೇಡ" ಎಂದು ವಯಸ್ಸಿಗೆ ಬಂದ ಹೆಂಗಸು ಕೇಳಿದರೆ ಏನು ಮಾಡಬೇಕು? ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ ಕಲಮು. ಆಕೆಯ ಇಚ್ಛೆಗೆ ಬೆಲೆ ಕೊಡಿ ಎನ್ನುತ್ತದೆ ಮಾರ್ಗಸೂಚಿ. ತಿಳಿಸಿ, ಆದರೆ ಆಕೆಗೆ ಕೇಸು ಬೇಡವಂತೆ ಎಂಬುದನ್ನೂ ಬರೆದು ಸಹಿ ಹಾಕಿಸಿಕೊಳ್ಳಿ ಎಂಬುದು ಸದ್ಯದ ದಾರಿ. ಪೊಲೀಸ್ ಭಯಕ್ಕೆ ಔಷಧಿಗೂ ಬಾರದೆ ಉಳಿಯುವವರು ಎಷ್ಟು ಜನವೋ. ಈ ಕಲಮನ್ನು ಇನ್ನೊಮ್ಮೆ ಕೂತು ನೋಡುವುದು ಒಳ್ಳೆಯದು ಎಂಬುದು ಈ ಅಂಕಣದ ಅಭಿಪ್ರಾಯ.

ಗಡಿ ತಕರಾರು ನಡೆಯೋದಿಲ್ಲ

ಇನ್ನು ಠಾಣೆ. ಪಾವಗಡದ ನಕ್ಷೆ ನೋಡಿದವರಿಗೆ ಗೊತ್ತು, ಮೂರು ಕಡೆ ಆಂಧ್ರ. ಮಡಕಶಿರ, ಹಿಂದೂಪುರದ ಕಡೆ ಕೂಲಿಗೆ, ಸಂತೆಗೆ, ನೆಂಟರ ಮನೆಗೆ ಹೋಗಿ ಬರುವುದು ದಿನನಿತ್ಯದ ಮಾತು. ಆ ಕಡೆ ಹೊಲದಲ್ಲಿ ಅನ್ಯಾಯವಾಯಿತು, ಹೆಣ್ಣುಮಗಳು ಈ ಕಡೆ ಠಾಣೆಗೆ ಬಂದಳು. "ಅದು ನಮ್ಮ ಲಿಮಿಟ್ಸ್ ಅಲ್ಲ, ಆಂಧ್ರಕ್ಕೆ ಹೋಗಮ್ಮ" ಅನ್ನುವಂತಿಲ್ಲ. ಎಲ್ಲಿ ನಡೆದಿದ್ದರೂ ಯಾವ ಠಾಣೆಗೆ ಬಂದರೂ ಬರೆದುಕೊಳ್ಳಬೇಕು. ಇದಕ್ಕೆ ಜೀರೋ ಎಫ್.ಐ.ಆರ್. ಅನ್ನುತ್ತಾರೆ. ಮೊದಲು ಇದು ಸುತ್ತೋಲೆಯ ಮಾತಾಗಿತ್ತು, ಈಗ ಸುರಕ್ಷಾ ಸಂಹಿತೆಯ 173ನೇ ಕಲಮಿನೊಳಗೇ ಕೂತಿದೆ. ಬರೆದುಕೊಂಡು, ಆಸ್ಪತ್ರೆಗೆ ಕಳಿಸಿ, ಆಮೇಲೆ ಆ ಠಾಣೆಗೆ ಕಡತ ರವಾನಿಸುವುದು ಪೊಲೀಸರ ತಲೆನೋವು, ಅವಳದಲ್ಲ.

ಅದೇ ಕಲಮಿನಲ್ಲಿ ಇನ್ನಷ್ಟಿದೆ. ಮಹಿಳಾ ಪೊಲೀಸ್ ಅಧಿಕಾರಿ ಅಥವಾ ಯಾರಾದರೂ ಮಹಿಳಾ ಅಧಿಕಾರಿಯೇ ದೂರು ಬರೆದುಕೊಳ್ಳಬೇಕು. ಅಂಗವಿಕಲರಾದರೆ ಪೊಲೀಸರೇ ಮನೆಗೆ ಹೋಗಿ ಬರೆದುಕೊಳ್ಳಬೇಕು, ಮೂಗಿಯಾದರೆ ಕೈಸನ್ನೆ ಬಲ್ಲವರನ್ನು ಕರೆಸಬೇಕು, ವಿಡಿಯೋ ಮಾಡಬೇಕು. ಎಫ್.ಐ.ಆರ್. ಪ್ರತಿಯನ್ನು ಪುಕ್ಕಟೆ ಕೊಡಬೇಕು. ಮುಂದಿನ ಹೇಳಿಕೆಯನ್ನೂ ಆಕೆಯ ಮನೆಯಲ್ಲೋ ಆಕೆ ಹೇಳಿದ ಜಾಗದಲ್ಲೋ ಪಡೆಯಬೇಕು. ಮಗುವಾದರೆ ಪೊಲೀಸರು ಯೂನಿಫಾರಂ ಹಾಕಿಕೊಂಡು ಹೋಗಬಾರದು, ರಾತ್ರಿ ಠಾಣೆಯಲ್ಲಿ ಕೂರಿಸಿಕೊಳ್ಳಬಾರದು. ಮಾಹಿತಿ ಬಂದ 24 ಗಂಟೆಯೊಳಗೆ ವೈದ್ಯರ ಬಳಿ ಕಳಿಸಬೇಕು. ವೈದ್ಯರು ಏಳು ದಿನದೊಳಗೆ ವರದಿ ಕೊಡಬೇಕು. ಎರಡು ತಿಂಗಳಲ್ಲಿ ತನಿಖೆ ಮುಗಿಯಬೇಕು.

ಬರೆದುಕೊಳ್ಳದಿದ್ದರೆ? ಇಲ್ಲೇ ಇರುವುದು ಹಳೇ ಕೈಚಳಕ. ದೂರನ್ನು ಬಿಳೀ ಹಾಳೆಯಲ್ಲಿ ತೆಗೆದುಕೊಂಡು, "ಅರ್ಜಿ ವಿಚಾರಣೆ" ಅಂತ ಒಂದು ಹಿಂಬರಹ ಕೊಟ್ಟು ಕಳಿಸುವುದು. ಮನೆಯವರು ಕೇಸಾಯಿತು ಅಂದುಕೊಂಡು ಹೋಗುತ್ತಾರೆ. ಕೇಸು ಆಗಿರುವುದಿಲ್ಲ. ಅಚ್ಚಾದ ನಮೂನೆ, ಅದರ ಮೇಲೆ ಅಪರಾಧ ಸಂಖ್ಯೆ, ಕಲಮು ಇದ್ದರೆ ಅದು ಎಫ್.ಐ.ಆರ್. ಇಲ್ಲದಿದ್ದರೆ ಅಲ್ಲ. ಇಂಥ ದೂರನ್ನು ದಾಖಲಿಸದ ಸರ್ಕಾರಿ ನೌಕರನಿಗೆ ನ್ಯಾಯ ಸಂಹಿತೆಯ 199ನೇ ಕಲಮಿನಲ್ಲಿ ಕಡಿಮೆ ಅಂದರೆ ಆರು ತಿಂಗಳು, ಹೆಚ್ಚೆಂದರೆ ಎರಡು ವರ್ಷ ಕಠಿಣ ಸಜೆ. ದಾಖಲಿಸಲಿಲ್ಲವೆಂದರೆ ಜಿಲ್ಲಾ ಎಸ್.ಪಿ.ಯವರಿಗೆ ಅಂಚೆಯಲ್ಲಿ ಬರೆದು ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಜೋಪಾನವಾಗಿಡಿ.

ನೊಣವಿನಕೆರೆಯ ಹೆಸರು

ಈ ವಿಷಯದಲ್ಲಿ ನಮ್ಮ ಜಿಲ್ಲೆಯ ಒಂದು ಊರಿನ ಹೆಸರು ಇಡೀ ದೇಶದ ಪೊಲೀಸ್ ಠಾಣೆಗಳಿಗೆ ಹೋಗಿದೆ, ಬಲ್ಲವರು ಕಡಿಮೆ. ತಿಪಟೂರು ತಾಲ್ಲೂಕಿನ ನೊಣವಿನಕೆರೆ. ಅಲ್ಲಿನ ಪೊಲೀಸರು ಹೂಡಿದ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2014ರ ಏಪ್ರಿಲ್ 25ರಂದು ನ್ಯಾಯಮೂರ್ತಿಗಳಾದ ಜ್ಞಾನ ಸುಧಾ ಮಿಶ್ರಾ ಮತ್ತು ನಮ್ಮವರೇ ಆದ ವಿ. ಗೋಪಾಲಗೌಡರ ಪೀಠ ಆ ಪ್ರಕರಣದಲ್ಲಿ ದೇಶದ ಎಲ್ಲ ಠಾಣಾಧಿಕಾರಿಗಳಿಗೆ ನಿರ್ದೇಶನ ಕೊಟ್ಟಿತು. ಅತ್ಯಾಚಾರದ ದೂರು ಬಂದ ಕೂಡಲೇ ವೈದ್ಯಕೀಯ ಪರೀಕ್ಷೆಗೆ ಕಳಿಸಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ, ಆದಷ್ಟೂ ಮಹಿಳಾ ಮ್ಯಾಜಿಸ್ಟ್ರೇಟರ ಮುಂದೆ, ಹೇಳಿಕೆಗೆ ಕರೆದೊಯ್ಯಿರಿ. ತಡವಾದರೆ ಯಾಕೆ ತಡವಾಯಿತೆಂದು ಡೈರಿಯಲ್ಲಿ ಬರೆದು ಅದರ ಪ್ರತಿಯನ್ನು ಮ್ಯಾಜಿಸ್ಟ್ರೇಟರಿಗೆ ಕೊಡಿ. ಈ 24 ಗಂಟೆ ಯಾಕೆ? ಹೇಳಿಕೆ ತಡವಾದಷ್ಟೂ ಊರಿನ ಒತ್ತಡ ಜಾಸ್ತಿ, ಹೇಳಿಕೆ ತಿರುಗುವುದೂ ಜಾಸ್ತಿ. ಹಳ್ಳಿ ಬಲ್ಲ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಠಾಣೆಯೇ ಅಪಾಯದ ಜಾಗವಾದದ್ದೂ ಉಂಟು. 1972ರ ಮಾರ್ಚಿನಲ್ಲಿ ಮಹಾರಾಷ್ಟ್ರದ ಆಗಿನ ಚಂದ್ರಾಪುರ ಜಿಲ್ಲೆಯ ದೇಸಾಯಿಗಂಜ್ ಠಾಣೆಯೊಳಗೆ, ದೂರಿನ ಸಂಬಂಧ ಬಂದಿದ್ದ ಆದಿವಾಸಿ ಹುಡುಗಿಯ ಮೇಲೆ ಇಬ್ಬರು ಕಾನ್‌ಸ್ಟೇಬಲ್ಲುಗಳು ಕೈ ಮಾಡಿದ ಆರೋಪ ಬಂತು. ಸೆಷನ್ಸ್ ಕೋರ್ಟು ಬಿಟ್ಟಿತು, ಹೈಕೋರ್ಟು ಶಿಕ್ಷೆ ಕೊಟ್ಟಿತು, 1978ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಟ್ಟಿತು. ಮೈಮೇಲೆ ಗಾಯ ಇಲ್ಲ, ಕೂಗಲಿಲ್ಲ ಎಂಬುದೇ ದೊಡ್ಡ ಕಾರಣವಾಯಿತು. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಗಮ್‌ವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನು ಬದಲಾಯಿತು. ಆಮೇಲೆ ದೆಹಲಿಯ 2012ರ ಡಿಸೆಂಬರಿನ ಘಟನೆ, ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ, 2013ರ ತಿದ್ದುಪಡಿ. ಪ್ರತಿ ಸಲವೂ ಒಬ್ಬ ಹುಡುಗಿ ನೋವು ತಿಂದ ಮೇಲೇ ನಮ್ಮ ಕಾನೂನಿಗೆ ಎಚ್ಚರ.

ಬಿಳಿಯರ ದೇಶದಲ್ಲೂ ಇದೇ ಪಾಡಿತ್ತು. 1982ರ ಜನವರಿಯಲ್ಲಿ ಬಿ.ಬಿ.ಸಿ. ಟೆಲಿವಿಷನ್ ಅಲ್ಲಿನ ಥೇಮ್ಸ್ ವ್ಯಾಲಿ ಪೊಲೀಸರು ಅತ್ಯಾಚಾರದ ದೂರು ತಂದ ಹೆಂಗಸನ್ನು ಗದರಿಸಿ ಪ್ರಶ್ನಿಸುವುದನ್ನು ಇದ್ದ ಹಾಗೇ ತೋರಿಸಿತು. ದೇಶವೇ ಬೆಚ್ಚಿತು, ಪೊಲೀಸರ ಪದ್ಧತಿ ಬದಲಾಯಿತು. 1986ರಲ್ಲಿ ಮ್ಯಾಂಚೆಸ್ಟರಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಚಿಕಿತ್ಸೆ, ಸಾಕ್ಷ್ಯ, ಸಮಾಧಾನ ಮೂರೂ ಒಂದೇ ಸೂರಿನಡಿ ಸಿಕ್ಕುವ ಕೇಂದ್ರ ಶುರುವಾಯಿತು. ನಮ್ಮಲ್ಲಿ 2015ರಿಂದ ಬಂದಿರುವ ಸಖಿ ಕೇಂದ್ರಗಳ ಆಸೆಯೂ ಅದೇ. ವೈದ್ಯಕೀಯ ನೆರವು, ಪೊಲೀಸ್ ನೆರವು, ವಕೀಲರು, ಆಪ್ತಸಮಾಲೋಚನೆ, ಕೆಲವು ದಿನ ತಂಗಲು ಜಾಗ, ಎಲ್ಲ ಒಂದೇ ಕಡೆ. ಕರ್ನಾಟಕದಲ್ಲಿ ಅದಕ್ಕೂ ಮೊದಲೇ ಜಿಲ್ಲಾಸ್ಪತ್ರೆಗಳಲ್ಲಿ 'ಗೆಳತಿ' ಎಂಬ ವಿಶೇಷ ಚಿಕಿತ್ಸಾ ಘಟಕ ಹುಟ್ಟಿಕೊಂಡಿತ್ತು. ಹೆಸರು ಎಷ್ಟು ಚೆನ್ನಾಗಿದೆ ನೋಡಿ. ಆದರೆ ಬಸ್ಸಿಳಿದ ಹೆಂಗಸಿಗೆ ಆ ಗೆಳತಿ, ಆ ಸಖಿ ಎಲ್ಲಿದ್ದಾಳೆಂದು ಯಾರು ತೋರಿಸಬೇಕು?

ಅವರ ಕಷ್ಟವನ್ನೂ ಕೇಳೋಣ

ಪೊಲೀಸರನ್ನೂ ಡಾಕ್ಟರುಗಳನ್ನೂ ಬೈದು ಪುಟ ತುಂಬಿಸುವುದು ಸುಲಭ. ರಾತ್ರಿ ಪಾಳಿಯಲ್ಲಿ ಒಬ್ಬರೇ ಡ್ಯೂಟಿ ಡಾಕ್ಟರು. ಒಂದು ಕಡೆ ಹೆರಿಗೆ, ಇನ್ನೊಂದು ಕಡೆ ಹಾವು ಕಚ್ಚಿದವನು, ಹೆದ್ದಾರಿಯ ಆಕ್ಸಿಡೆಂಟು. ಅದರ ಮಧ್ಯೆ ಈ ಪರೀಕ್ಷೆ ಸರಿಯಾಗಿ ಮಾಡಬೇಕಾದರೆ ಗಂಟೆಗಟ್ಟಲೆ ಬೇಕು. ಬರೆದವರು ಮೂರು ವರ್ಷದ ನಂತರ ಬೇರೆ ಜಿಲ್ಲೆಗೆ ವರ್ಗವಾಗಿರುತ್ತಾರೆ, ಸಮನ್ಸು ಬರುತ್ತದೆ, ರಜೆ ಹಾಕಿ ಬಂದರೆ ಕೋರ್ಟು ಮುಂದಕ್ಕೆ. ಹಾಗಾಗಿ ಎಂ.ಎಲ್.ಸಿ. ಅಂದರೆ ಎಲ್ಲರೂ ಜಾರಿಕೊಳ್ಳುತ್ತಾರೆ. ಠಾಣೆಯಲ್ಲೂ ಅಷ್ಟೆ. ಇರುವ ಒಬ್ಬರೋ ಇಬ್ಬರೋ ಮಹಿಳಾ ಸಿಬ್ಬಂದಿ ಬಂದೋಬಸ್ತಿಗೆ ಹೋದರೆ ದೂರು ಬರೆಯುವವರು ಯಾರು? ಈ ಕಷ್ಟಕ್ಕೆಲ್ಲ ಮದ್ದು ಸರದಿ ಪಟ್ಟಿ. ಇಂಥ ರಾತ್ರಿ ಇಂಥ ವೈದ್ಯರು, ಇಂಥ ಮಹಿಳಾ ಅಧಿಕಾರಿ ಅಂತ ತಾಲ್ಲೂಕಿಗೊಂದು ಹಾಳೆ. ಹಾಳೆ ಅಂಟಿಸಲು ಯಾವ ಸಚಿವ ಸಂಪುಟದ ಮಂಜೂರಾತಿಯೂ ಬೇಡ. ಎಸ್.ಪಿ., ಜಿಲ್ಲಾ ಆರೋಗ್ಯಾಧಿಕಾರಿ, ಸಖಿ ಕೇಂದ್ರದವರು ತಿಂಗಳಿಗೊಮ್ಮೆ ಒಂದೇ ಮೇಜಿನ ಸುತ್ತ ಕೂತು, ಈ ತಿಂಗಳು ಎಷ್ಟು ಜನ ಬಂದರು, ಎಷ್ಟು ಗಂಟೆಗೆ ಮಾತ್ರೆ ಸಿಕ್ಕಿತು, ಎಷ್ಟು ಜನರನ್ನು ವಾಪಸು ಕಳಿಸಿದಿರಿ ಅಂತ ಮುಖಾಮುಖಿ ಕೇಳಿಕೊಂಡರೆ ಅರ್ಧ ರೋಗ ವಾಸಿ.

ಕಷ್ಟ ಅಂತ ಒಪ್ಪಿಕೊಳ್ಳಲಾಗದ್ದು ಒಂದಿದೆ, ರಾಜಿ ಪಂಚಾಯ್ತಿ. "ಆಗಿದ್ದು ಆಗೋಯ್ತು, ಹುಡುಗಿ ಮದ್ವೆ ಆಗ್ಬೇಕು, ಇಷ್ಟು ಈಸ್ಕೊಂಡು ಬಿಟ್ಟಾಕಿ." ದೇಶದಲ್ಲಿ 2021ರಲ್ಲಿ ದಾಖಲಾದ 31,677 ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 96ರಲ್ಲಿ ಆರೋಪಿ ಆಕೆಗೆ ಗೊತ್ತಿದ್ದವನೇ ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆ. ನೆರೆಯವನು, ನೆಂಟ, ಯಜಮಾನ. ರಾಜಿಯ ಒತ್ತಡ ಹುಟ್ಟುವುದೇ ಅಲ್ಲಿಂದ. ಸುಪ್ರೀಂ ಕೋರ್ಟು 2015ರಲ್ಲೇ ಹೇಳಿದೆ, ಅತ್ಯಾಚಾರದಲ್ಲಿ ರಾಜಿ ಎಂಬ ಮಾತೇ ಇಲ್ಲ. ದುಡ್ಡಿನ ನೆರವು ಬೇಕಾದರೆ ಕಾನೂನಿನ ದಾರಿಯೇ ಇದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2018ರಲ್ಲಿ ರೂಪಿಸಿದ ಯೋಜನೆಯಲ್ಲಿ ಅತ್ಯಾಚಾರಕ್ಕೆ ಒಳಗಾದವರಿಗೆ 4 ಲಕ್ಷದಿಂದ 7 ಲಕ್ಷದವರೆಗೆ ಪರಿಹಾರ ಇದೆ. ಅರ್ಜಿ ಕೊಡಬೇಕಾದ್ದು ಕೋರ್ಟಿನ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ, ಊರ ಗೌಡರಿಗಲ್ಲ.

ಅಂಗಡಿಯವರಿಗೆ ಎರಡು ಮಾತು

ರಾತ್ರಿ ಕೊನೇ ಬಸ್ಸಿನ ಹೊತ್ತಿಗೆ ತೆರೆದಿರುವುದು ಟೀ ಅಂಗಡಿ, ಬೀಡಾ ಅಂಗಡಿ, ಮೆಡಿಕಲ್ ಸ್ಟೋರು. ಹೆದರಿ ಓಡಿ ಬಂದವಳು ಮೊದಲು ಕಾಣುವುದು ಠಾಣೆಯನ್ನಲ್ಲ, ನಿಮ್ಮನ್ನು. ಜನ ಸೇರಿಸಬೇಡಿ. "ಯಾರು, ಏನು, ಎಲ್ಲಿ" ಅಂತ ತನಿಖೆ ಮಾಡಬೇಡಿ, ಆಕೆ ಅದನ್ನು ಮುಂದೆ ಬೇಕಾದಷ್ಟು ಸಲ ಹೇಳಲಿಕ್ಕಿದೆ. ಒಳಗೆ ಕೂರಿಸಿ, ಒಬ್ಬ ಹೆಂಗಸನ್ನು ಕರೆಸಿ. ಪೊಲೀಸಿಗೆ 112, ಹೆಂಗಸರ ಸಹಾಯವಾಣಿ 181, ಮಕ್ಕಳಿಗೆ 1098, ಆಂಬುಲೆನ್ಸಿಗೆ 108. ಮೈ ತೊಳೆಯುವುದು, ಬಟ್ಟೆ ಬದಲಿಸುವುದು ಆಸ್ಪತ್ರೆ ಮುಗಿದ ಮೇಲೆ ಎಂದು ಮೆಲ್ಲಗೆ ತಿಳಿಸಿ.

ನಿಮ್ಮ ಅಂಗಡಿಯ ಮುಂದೆ ಸಿ.ಸಿ. ಕ್ಯಾಮೆರಾ ಇದೆಯಲ್ಲ, ಅದರ ಡಬ್ಬಿ ತುಂಬಿದ ಹಾಗೆ ಹಳೆಯದು ತಾನಾಗಿ ಅಳಿಸಿಹೋಗುತ್ತದೆ. ಕೆಲವದರಲ್ಲಿ ವಾರ, ಕೆಲವದರಲ್ಲಿ ತಿಂಗಳು. ಆವತ್ತೇ ಆ ಗಂಟೆಯ ಚಿತ್ರವನ್ನು ಬೇರೆ ತೆಗೆದಿಟ್ಟು ಪೊಲೀಸರಿಗೆ ಕೊಟ್ಟರೆ ದೊಡ್ಡ ಉಪಕಾರ. ಅದನ್ನೇ ವಾಟ್ಸಾಪಿನಲ್ಲಿ ಹರಿಬಿಟ್ಟರೆ ದೊಡ್ಡ ಅಪರಾಧ. ಆಕೆಯ ಹೆಸರು, ಗುರುತು ಬಯಲು ಮಾಡಿದವರಿಗೆ ನ್ಯಾಯ ಸಂಹಿತೆಯ 72ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಪತ್ರಿಕೆಯವರಿಗೂ ಅದೇ ಕಲಮು.

ಬಸ್ ನಿಲ್ದಾಣದಲ್ಲಿ ಗುಟ್ಕಾ ಉಗುಳಬೇಡಿ, ಜೇಬುಗಳ್ಳರಿದ್ದಾರೆ ಎಚ್ಚರಿಕೆ ಎಂಬ ಬೋರ್ಡುಗಳಿಗೆ ಜಾಗ ಸಿಕ್ಕಿದೆ. ಹೆಂಗಸರ ವಿಶ್ರಾಂತಿ ಕೋಣೆಯ ಬಾಗಿಲ ಮೇಲೆ, ಕಕ್ಕಸಿನ ಒಳಗೋಡೆಯ ಮೇಲೆ, ಬೇರೆ ಯಾರೂ ನೋಡದ ಹಾಗೆ ಒಬ್ಬಳೇ ಓದಿಕೊಳ್ಳಬಹುದಾದ ಕಡೆ ನಾಲ್ಕು ಸಾಲು ಬರೆಸಲು ಎಷ್ಟು ಬಣ್ಣ ಬೇಕು? ಯಾವ ಆಸ್ಪತ್ರೆ, ಯಾವ ಬಾಗಿಲು, ಯಾವ ನಂಬರು, ಎಷ್ಟು ಗಂಟೆಯೊಳಗೆ. ಸಾರಿಗೆ ಸಂಸ್ಥೆಯವರು ಗೋಡೆ ಕೊಟ್ಟರೆ ಸಾಕು, ಬಣ್ಣದ ಖರ್ಚು ಪೇಟೆಯ ವರ್ತಕರೇ ಹಾಕಿಕೊಳ್ಳಬಹುದು.